ತೋಟದ ಸಾಮಾನಿನ ಅಂಗಡಿಗೆ ಆರ್‌ಎಫ್‌ಐಡಿಯೋ, ಬಾರ್‌ಕೋಡೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದು ಅಡಿಕೆ ತೋಟಕ್ಕೆ ಬೇಕಾಗುವ ಸಾಮಾನುಗಳ ಅಂಗಡಿ. ಪೈಪು, ಎಲ್ಬೋ, ಹಿತ್ತಾಳೆಯ ಸ್ಪ್ರಿಂಕ್ಲರ್, ಮದ್ದು ಬಿಡುವ ಪಂಪಿನ ಬಿಡಿಭಾಗಗಳು, ಮೈಲುತುತ್ತು, ಅಡಿಕೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಎಲ್ಲವೂ ಇವೆ. ಪ್ರತಿವರ್ಷ ಮಾರ್ಚ್ ಕೊನೆಗೆ ದಾಸ್ತಾನು ಎಣಿಸಿದಾಗ ಪುಸ್ತಕದ ಲೆಕ್ಕವೂ ಕಪಾಟಿನ ಲೆಕ್ಕವೂ ತಾಳೆಯಾದದ್ದೇ ಇಲ್ಲ.

ತಲಪಾಡಿಯ ಟೋಲ್‌ಗೇಟಿನಲ್ಲಿ ಫಾಸ್ಟ್ಯಾಗ್ ಕೆಲಸ ಮಾಡುವುದನ್ನು ಕಂಡಿದ್ದ ನನಗೆ, ಇದನ್ನು ಸರಿಪಡಿಸಲು ಆರ್‌ಎಫ್‌ಐಡಿಯ (ಸರಕಿಗೆ ಅಂಟಿಸಿದ ಟ್ಯಾಗನ್ನು ರೀಡರ್ ಎಂಬ ಯಂತ್ರ ರೇಡಿಯೋ ತರಂಗದಿಂದ ಓದುವ ವಿಧಾನ) ಮೇಲೆಯೇ ಮನಸ್ಸಿತ್ತು. ಫಾಸ್ಟ್ಯಾಗೂ ಇದೇ ತಂತ್ರದ್ದು: ಟ್ಯಾಗಿನೊಳಗೆ ಬ್ಯಾಟರಿ ಇರುವುದಿಲ್ಲ, ರೀಡರ್ ಕಳುಹಿಸುವ 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಬಾರ್‌ಕೋಡಿನಂತೆ ಒಂದೊಂದನ್ನೇ ಕಣ್ಣೆದುರು ಹಿಡಿಯಬೇಕಾಗಿಲ್ಲ.

ಮಂಗಳೂರಿನಿಂದ ಬಂದ ಮಾರಾಟಗಾರರೊಬ್ಬರು ನಮ್ಮ ಗೋದಾಮಿನಲ್ಲಿ ಒಂದು ದಿನ ಪರೀಕ್ಷೆ ಮಾಡಿ ತೋರಿಸಿದರು. ಪ್ಲಾಸ್ಟಿಕ್ ಫಿಟ್ಟಿಂಗ್‌ಗಳ ರಟ್ಟಿನ ಪೆಟ್ಟಿಗೆಗಳನ್ನು ರೀಡರ್ ಒಂದೇ ಉಸಿರಿಗೆ ಎಣಿಸಿಬಿಟ್ಟಿತು. ಆಮೇಲೆ ಸ್ಪ್ರಿಂಕ್ಲರ್‌ಗೆ ಅಂಟಿಸಿದ ಟ್ಯಾಗ್ ಮೌನವಾಯಿತು, ಕೀಟನಾಶಕದ ಡಬ್ಬಿಯದೂ ಹಾಗೆಯೇ, ಏಕೆಂದರೆ ಲೋಹವು ತರಂಗವನ್ನು ಪ್ರತಿಫಲಿಸುತ್ತದೆ, ನೀರಿನಂಶವಿರುವ ದ್ರವವು ಹೀರಿಕೊಳ್ಳುತ್ತದೆ. ದೋಟಿಯ ಮೇಲಾದರೂ ನಡೆದೀತೆಂದು ಆಸೆಪಟ್ಟಿದ್ದೆ; ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತುವಾದ್ದರಿಂದ ಅಲ್ಲಿಯೂ ಸೋಲಾಯಿತು. ಲೋಹಕ್ಕೆಂದೇ ಮಾಡಿದ ಟ್ಯಾಗ್ ಇದೆಯಂತೆ, ಆದರೆ ಬೆಲೆ ಸಾಮಾನ್ಯ ಟ್ಯಾಗಿನ ಹಲವು ಪಟ್ಟು. ಒಂದು ನಾಝಲ್ ಮಾರಿ ನನಗೆ ಉಳಿಯುವ ಲಾಭವೇ ಅಷ್ಟಿಲ್ಲ. ಇನ್ನೊಂದು ತೊಡಕೆಂದರೆ, ಹಲಗೆಯ ಗೋಡೆಯಾಚೆ ಅಂಗಡಿಯಲ್ಲಿದ್ದ ಪೆಟ್ಟಿಗೆಗಳನ್ನೂ ರೀಡರ್ ಗೋದಾಮಿನ ಲೆಕ್ಕಕ್ಕೆ ಸೇರಿಸಿತು. ಅದರ ಶಕ್ತಿ ತಗ್ಗಿಸಿದಾಗ ಹಿಂದಿನ ಸಾಲಿನ ಪೆಟ್ಟಿಗೆಗಳು ತಪ್ಪಿಹೋದವು.

ಆ ರಾತ್ರಿ ಮೂರು ತಿಂಗಳ ವ್ಯತ್ಯಾಸಗಳನ್ನು ಮುಂದಿಟ್ಟುಕೊಂಡು ಕುಳಿತಾಗ ನನಗೆ ಕಂಡದ್ದೇ ಬೇರೆ. ಅರ್ಧ ಇಂಚಿನ ಎಲ್ಬೋ ಕೊಟ್ಟು ಮುಕ್ಕಾಲು ಇಂಚಿನದಕ್ಕೆ ಬಿಲ್ಲು ಹಾಕಿದ್ದೆವು. ಒಬ್ಬ ಹುಡುಗ ಮೈಲುತುತ್ತು ಎಂದು, ಇನ್ನೊಬ್ಬ ಮಲಯಾಳದಲ್ಲಿ ತುರಿಶ್ ಎಂದು ಬರೆದ ಕಾರಣ ಒಂದೇ ಸರಕು ಎರಡು ಹೆಸರಿನಲ್ಲಿತ್ತು. ತಪ್ಪು ಎಣಿಕೆಯದ್ದಲ್ಲ, ಗಲ್ಲಾಪೆಟ್ಟಿಗೆಯ ಬಳಿಯದ್ದು ಮತ್ತು ಸರಕು ಇಳಿಸಿಕೊಳ್ಳುವಾಗಿನದ್ದು. ವೇಗವಾಗಿ ಎಣಿಸುವ ಯಂತ್ರದಿಂದ ಅದು ಸರಿಯಾಗುವಂಥದ್ದಲ್ಲ. ಸರಕನ್ನು ಕೈಗೆತ್ತಿ ಒಂದೊಂದಾಗಿ ತೋರಿಸಲೇಬೇಕಾದ ಬಾರ್‌ಕೋಡೇ ನಮಗೆ ಒಗ್ಗುವಂಥದ್ದು ಎಂದು ನಿರ್ಧರಿಸಿದೆ.

ತಯಾರಕರ 13 ಅಂಕಿಯ ಸಂಖ್ಯೆ ಇದ್ದ ಸರಕಿಗೆ ಅದನ್ನೇ ಬಳಸಿದೆವು. (890ರಿಂದ ಆರಂಭವಾದರೆ ಭಾರತದಲ್ಲೇ ತಯಾರಾದದ್ದು ಎಂದು ಹಲವರು ನಂಬುತ್ತಾರೆ, ಅದು ಸಂಖ್ಯೆಯನ್ನು ಭಾರತದಲ್ಲಿ ನೋಂದಾಯಿಸಿದ್ದನ್ನಷ್ಟೇ ಹೇಳುತ್ತದೆ.) ಉಳಿದವುಗಳಿಗೆ ಕೋಡ್ 128 ಎಂಬ ಬಾರ್‌ಕೋಡ್ ಮಾದರಿಯ ನಮ್ಮದೇ ಚೀಟಿ ಮಾಡಿದೆವು. ಬಿಡಿ ಎಲ್ಬೋಗಳಿಗೆ ಒಂದೊಂದು ಚೀಟಿ ಅಂಟಿಸುವುದು ಹುಚ್ಚು ಕೆಲಸ. ಅವುಗಳ ಡಬ್ಬದ ಮುಖಕ್ಕೆ ಮಾತ್ರ ಚೀಟಿ ಇದೆ, ಸಂಖ್ಯೆಯನ್ನು ಹುಡುಗರೇ ಒತ್ತುತ್ತಾರೆ. ಪೈಪುಗಳ ಚೀಟಿಗಳನ್ನು ಒಂದು ಹಲಗೆಗೆ ಅಂಟಿಸಿ ಬಿಲ್ಲಿನ ಮೇಜಿನ ಪಕ್ಕದಲ್ಲಿಟ್ಟಿದ್ದೇವೆ.

ಎಡವಿದ್ದು ಚೀಟಿಯ ವಿಷಯದಲ್ಲಿ. ಅಗ್ಗವೆಂದು, ಶಾಯಿಯ ರಿಬ್ಬನ್ ಬೇಡದೆ ಬಿಸಿಯಿಂದಲೇ ಗೆರೆ ಮೂಡುವ ಥರ್ಮಲ್ ಕಾಗದ ತಂದಿದ್ದೆ. ಬಿಸಿಲು ಬೀಳುವ ಮುಂಗಪಾಟಿನಲ್ಲಿ ಗೆರೆಗಳು ಮಾಸಿದವು, ಆಷಾಢದ ಮಳೆಗೆ ಗೋದಾಮಿನಲ್ಲಿ ಅಂಚು ಎದ್ದು ಬಂತು. ಪಾಲಿಯೆಸ್ಟರ್ ಚೀಟಿಯ ಮೇಲೆ ರೆಸಿನ್ ರಿಬ್ಬನ್‌ನಿಂದ ಮುದ್ರಿಸಿ ಎಲ್ಲವನ್ನೂ ಇನ್ನೊಮ್ಮೆ ಅಂಟಿಸಬೇಕಾಯಿತು; ಮೈಲುತುತ್ತಿನ ನೀಲಿ ಹುಡಿ ಮೆತ್ತಿಕೊಂಡರೂ ಈಗ ಬಟ್ಟೆಯಿಂದ ಒರೆಸಿದರೆ ಸಾಕು.

ಕಳೆದ ಮಾರ್ಚಿನ ಎಣಿಕೆಗೆ ನಾಲ್ವರಿಗೆ ಎರಡು ದಿನ ಹಿಡಿಯಿತು, ಅದೇನೂ ಕಡಿಮೆಯಲ್ಲ. ಆದರೆ ತಾಳೆಯಾಗದೆ ಉಳಿದ ಸಾಮಾನುಗಳ ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಸಿತು. ಮಾರಾಟಗಾರರು ಬಿಟ್ಟುಹೋಗಿದ್ದ ಟ್ಯಾಗ್‌ಗಳನ್ನು ಕಾಸರಗೋಡು ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಭಾವನಿಗೆ ಕೊಟ್ಟೆ. ಅವರದ್ದು ಒಣ ಸರಕು, ಒಂದೊಂದು ಅಂಗಿಗೂ ಬೇರೆ ಅಳತೆ, ಬೇರೆ ಬಣ್ಣ. ಅವರು ಈಗ ರೀಡರ್ ಕೊಳ್ಳುವ ಯೋಚನೆಯಲ್ಲಿದ್ದಾರೆ.