ಬಸುರಿಯರಿಗೊಂದು ಜಗುಲಿ: ಅಂಗನವಾಡಿ ಕಟ್ಟಿದ ಅನುಭವ

ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಅಂಗನವಾಡಿ ಕಟ್ಟಡ ಮಾಡಿಕೊಡಬೇಕೆಂದು ಅಲ್ಲಿನ ಪಂಚಾಯಿತಿಯವರು ಕೇಳಿದಾಗ ಜೊತೆಗೊಂದು ಮಾದರಿ ನಕ್ಷೆಯನ್ನೂ ಕೈಗಿತ್ತರು. ಮಕ್ಕಳಿಗೆ ಒಂದು ಕೋಣೆ, ಪಕ್ಕದಲ್ಲಿ ಅಡುಗೆಮನೆ, ದಿನಸಿ ಇಡಲು ಉಗ್ರಾಣ, ಹಿಂಬದಿಗೆ ಶೌಚಾಲಯ. ಲೆಕ್ಕಕ್ಕೆ ಯಾವುದೂ ಕಡಿಮೆ ಇರಲಿಲ್ಲ. ಆದರೂ ಗೆರೆ ಎಳೆಯುವ ಮೊದಲು, ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದ ಹಳೆಯ ಅಂಗನವಾಡಿಯಲ್ಲಿ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮೂಲೆಯಲ್ಲಿ ಕುಳಿತು, ಯಾರು ಯಾವ ಹೊತ್ತಿಗೆ ಬರುತ್ತಾರೆ, ಎಲ್ಲಿ ಚಪ್ಪಲಿ ಬಿಡುತ್ತಾರೆ, ಎಲ್ಲಿ ಕೂರುತ್ತಾರೆ ಎಂಬುದನ್ನು ಬರೆದುಕೊಂಡೆ. ಹದಿನೈದು ವರ್ಷಗಳ ನನ್ನ ವಾಸ್ತುಶಿಲ್ಪ ವೃತ್ತಿಯಲ್ಲಿ ಅಷ್ಟು ಉಪಯೋಗಕ್ಕೆ ಬಂದ ಮೂರು ದಿನಗಳು ಬೇರೆ ಇಲ್ಲ.

ಅಂಗನವಾಡಿ ಎಂದೊಡನೆ ನಮಗೆ ಮಕ್ಕಳು ಮಾತ್ರ ನೆನಪಾಗುತ್ತಾರೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಿನಿಂದಲೂ ಗರ್ಭಿಣಿಯರು ಮತ್ತು ಬಾಣಂತಿಯರು ಅದರ ವ್ಯಾಪ್ತಿಯೊಳಗೇ ಇದ್ದಾರೆ. 2017ರ ಅಕ್ಟೋಬರ್ 2ರಿಂದ ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆ ಜಾರಿಗೆ ಬಂದ ಮೇಲಂತೂ ಅವರು ಪ್ರತಿ ಮಧ್ಯಾಹ್ನ ಕೇಂದ್ರಕ್ಕೆ ಬಂದು, ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲನ್ನು ಅಲ್ಲೇ ಕುಳಿತು ಸೇವಿಸಬೇಕೆಂಬ ಏರ್ಪಾಡಾಯಿತು. ಮನೆಗೆ ಒಯ್ದರೆ ಊಟ ಮನೆಮಂದಿಗೆಲ್ಲ ಹಂಚಿಹೋಗಿ ಬಸುರಿಯ ಪಾಲಿಗೆ ಕೊನೆಯ ತುತ್ತು ಉಳಿಯುತ್ತದೆ ಎಂಬ ಕಾಳಜಿ ಇದರ ಹಿಂದಿದೆ, ಮತ್ತು ಅದು ಸರಿಯಾದ ಕಾಳಜಿ. ಆದರೆ ನನ್ನ ಕೈಗೆ ಬಂದ ನಕ್ಷೆಯಲ್ಲಿ ಆ ಹೆಂಗಸರು ಎಲ್ಲಿ ಕೂರಬೇಕು ಎಂಬುದಕ್ಕೆ ಒಂದು ಅಡಿ ಜಾಗವೂ ಇರಲಿಲ್ಲ.

ಮೂರು ದಿನವೂ ಮಧ್ಯಾಹ್ನದ ಊಟಕ್ಕೆ ಬಂದವರು ನಾಲ್ಕೈದು ಮಂದಿ ಮಾತ್ರ. ಉಳಿದವರ ಮನೆಗಳಿಂದ ಯಾರಾದರೂ ಮಕ್ಕಳು ಡಬ್ಬಿ ಹಿಡಿದು ಬರುತ್ತಿದ್ದರು, ಕಾರ್ಯಕರ್ತೆ ಒಲ್ಲದ ಮನಸ್ಸಿನಿಂದ ತುಂಬಿ ಕಳಿಸುತ್ತಿದ್ದರು. ಬರದೆ ಉಳಿದವರ ಪೈಕಿ ಎಂಟು ತಿಂಗಳ ಗರ್ಭಿಣಿಯೊಬ್ಬಳನ್ನು ಅವಳ ಮನೆಯ ಬಾಗಿಲಲ್ಲೇ ಮಾತಾಡಿಸಿದೆ. “ಈ ಹೊಟ್ಟೆ ಹೊತ್ಕಂಡು ನೆಲದ ಮೇಲೆ ಕೂತ್ರೆ ಏಳಕ್ಕಾಗಲ್ಲ ಕಣಕ್ಕ, ಕೈ ಹಿಡ್ದು ಎಬ್ಬಿಸೋರು ಬೇಕು. ರಸ್ತೇಲಿ ಹೋಗೋರೆಲ್ಲ ನೋಡ್ತಿರ್ತಾರೆ” ಎಂದಳು. ಅಡುಗೆಯ ರುಚಿಯ ಬಗ್ಗೆ ಅವಳದೇನೂ ದೂರು ಇರಲಿಲ್ಲ. ಏಳುವ ಕಷ್ಟ ಮತ್ತು ಕಣ್ಣಿಗೆ ಬೀಳುವ ಸಂಕೋಚ, ಇವೆರಡೇ ಅವಳನ್ನು ತಡೆದಿದ್ದವು, ಮತ್ತು ಇವೆರಡೂ ಕಟ್ಟಡ ಬಗೆಹರಿಸಬಲ್ಲ ಸಂಗತಿಗಳು.

ಅಂದು ಸಂಜೆ ಊರೊಳಗೆ ಒಂದು ಸುತ್ತು ಹಾಕಿದಾಗ ಕಂಡದ್ದನ್ನೂ ಇಲ್ಲಿ ಹೇಳಬೇಕು. ನಮ್ಮ ಊರುಗಳಲ್ಲಿ ಅರಳಿಕಟ್ಟೆ ಇದೆ, ದೇವಸ್ಥಾನದ ಮುಂದಿನ ಕಲ್ಲುಹಾಸು ಇದೆ, ಚಹಾ ಅಂಗಡಿಯ ಬೆಂಚು ಇದೆ; ಇವೆಲ್ಲವೂ ಗಂಡಸರು ಕೂರುವ ಜಾಗಗಳು. ಹೆಂಗಸರು ನಲ್ಲಿಯ ಬಳಿ ನಿಂತು ಮಾತಾಡುತ್ತಾರೆ, ಕೊಡ ತುಂಬಿದೊಡನೆ ಹೊರಡುತ್ತಾರೆ. ಕೆಲಸದ ನೆಪವಿಲ್ಲದೆ ಅರ್ಧ ಗಂಟೆ ಸುಮ್ಮನೆ ಕೂರಲು ಅವರಿಗೆ ಊರಿನಲ್ಲಿ ಒಂದು ಜಾಗವೂ ಇರಲಿಲ್ಲ. ಇಂದೋರಿನಲ್ಲಿ ಬಡವರಿಗಾಗಿ ‘ಅರಣ್ಯ’ ಎಂಬ ವಸತಿ ಬಡಾವಣೆಯನ್ನು ರೂಪಿಸುವ ಮೊದಲು ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ತಂಡ ಆ ನಗರದ ಕೊಳೆಗೇರಿಗಳಲ್ಲಿ ತಿರುಗಾಡಿ, ಮನೆಯ ಮುಂದಿನ ಕಟ್ಟೆಯ ಮೇಲೆ ಬದುಕಿನ ಎಷ್ಟು ಪಾಲು ಕಳೆಯುತ್ತದೆ ಎಂಬುದನ್ನು ಗಮನಿಸಿ ದಾಖಲಿಸಿತ್ತು. 1995ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿ ಪಡೆದ ಆ ಬಡಾವಣೆಯನ್ನು ವಿದ್ಯಾರ್ಥಿನಿಯಾಗಿದ್ದಾಗ ಪಾಠವೆಂದು ಓದಿದ್ದೆ. ಅದು ಅರ್ಥವಾದದ್ದು ಈ ಹಳ್ಳಿಯಲ್ಲಿ.

ನಿವೇಶನದ ವಿಷಯದಲ್ಲಿ ಎರಡು ತಿಂಗಳು ಹೋಯಿತು. ಮೊದಲು ತೋರಿಸಿದ ಜಾಗ ಊರ ದೊಡ್ಡ ಬೀದಿಯ ತುದಿಯಲ್ಲಿತ್ತು. ದಲಿತರ ಕೇರಿಯ ಹೆಂಗಸರು ಅಲ್ಲಿಗೆ ಬರಬೇಕಾದರೆ ಇಡೀ ಬೀದಿಯನ್ನು ದಾಟಬೇಕಿತ್ತು. ದಾಟಬಾರದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅವರು ದಾಟುತ್ತಲೂ ಇರಲಿಲ್ಲ. ಎರಡೂ ಕಡೆಯವರು ನೀರಿಗೆ ಬರುವ ಓವರ್‌ಹೆಡ್ ಟ್ಯಾಂಕಿನ ಪಕ್ಕದಲ್ಲಿ ಸ್ವಲ್ಪ ಸರ್ಕಾರಿ ಜಾಗವಿತ್ತು. ಅದು ಚಿಕ್ಕದು, ಮೂಲೆ ಸೊಟ್ಟಗಿದೆ, ವಾಸ್ತು ಸರಿಯಿಲ್ಲ ಎಂಬ ಆಕ್ಷೇಪಗಳು ಬಂದವು. ಮೂರು ಸಭೆಗಳಲ್ಲಿ ನಾನು ಹಿಡಿದ ಹಟ ಇದೊಂದೇ. ಗೋಡೆ ಎಷ್ಟೇ ಚೆನ್ನಾಗಿ ಎದ್ದರೂ ತಪ್ಪು ಜಾಗದಲ್ಲಿ ಎದ್ದರೆ ಅರ್ಧ ಊರಿಗೆ ಅದು ಇಲ್ಲದಂತೆಯೇ ಎಂದು ನಾನು ಈಗಲೂ ನಂಬುತ್ತೇನೆ.

ಮೊದಲ ನಕ್ಷೆಯಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ. ಜಗುಲಿಯನ್ನು ರಸ್ತೆಯ ಕಡೆಗೆ ಇಟ್ಟಿದ್ದೆ, ಕಟ್ಟಡ ಊರಿಗೆ ಮುಖ ಮಾಡಿರಲಿ ಎಂಬುದು ನನ್ನ ಆಸೆ. ಪಾಯದ ಗುರುತಿಗೆ ಸುಣ್ಣ ಹಾಕಿದ ದಿನ ಅಂಗನವಾಡಿಯ ಸಹಾಯಕಿ ಆ ಗೆರೆಯ ಮೇಲೆ ನಿಂತು, “ಮೇಡಂ, ಇದನ್ನ ಇಲ್ಲಿ ಕಟ್ಟಿದ್ರೆ ಸಾಯಂಕಾಲ ಇಸ್ಪೀಟು ಆಡೋರಿಗೆ ಆಗುತ್ತೆ, ನಮಗಲ್ಲ” ಎಂದರು. ಅವರ ಮಾತು ನೂರಕ್ಕೆ ನೂರು ನಿಜವಾಗಿತ್ತು. ಗೆರೆ ಅಳಿಸಿ, ಜಗುಲಿಯನ್ನು ನಲ್ಲಿಯ ಕಡೆಗೆ ತಿರುಗಿಸಿ, ರಸ್ತೆಯ ಬದಿಗೆ ಎದೆಯೆತ್ತರದ, ಕಿಂಡಿಗಳಿರುವ ಜಾಲಿ ಗೋಡೆ ಎಬ್ಬಿಸಿದೆವು. ಕುಳಿತವರಿಗೆ ರಸ್ತೆ ಕಾಣುತ್ತದೆ, ರಸ್ತೆಯಲ್ಲಿ ಹೋಗುವವರಿಗೆ ಕುಳಿತವರು ಕಾಣುವುದಿಲ್ಲ.

ಜಗುಲಿಯ ಎತ್ತರಕ್ಕೆ ಪುಸ್ತಕ ನೋಡಲಿಲ್ಲ. ಊರಿನ ಒಂದು ಹಳೆಯ ಮನೆಯ ಮುಂದೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅಜ್ಜಿ, ಕೈಯೂರದೆ ಸಲೀಸಾಗಿ ಎದ್ದು ಒಳಗೆ ಹೋದರು. ಟೇಪು ಹಿಡಿದರೆ ಆ ಜಗುಲಿ ಸರಿಯಾಗಿ 17 ಇಂಚು. ನಮ್ಮದೂ ಅಷ್ಟೇ ಆಯಿತು. ಒರಗಲು ಗೋಡೆ, ಎರಡು ಜಾಗಗಳ ನಡುವೆ ಹಿಡಿದು ಏಳಲು ಒಂದೊಂದು ಮರದ ಕಂಬ, ಮೇಲೆ ನಯವಾಗಿ ತಿಕ್ಕಿದ ಕಡಪಾ ಕಲ್ಲು. ಕಂಬದ ಅಂಚನ್ನು ಮುಷ್ಟಿಗೆ ಹಿಡಿಸುವಂತೆ ದುಂಡಗೆ ಕೆತ್ತಬೇಕೆಂದಾಗ ಬಡಗಿಗೆ ಮೊದಲು ಬೇಸರವಾಗಿತ್ತು. ಯಾರಿಗಾಗಿ ಎಂದು ತಿಳಿದ ಮೇಲೆ ತನ್ನ ಹೆಂಡತಿಯ ಕೈಯ ಅಳತೆ ತಂದು ಅದಕ್ಕೆ ಸರಿಯಾಗಿ ಕೆತ್ತಿದ.

ಮಕ್ಕಳ ಕೋಣೆಯ ಕಿಟಕಿಗಳು ನೆಲದಿಂದ ಒಂದೂವರೆ ಅಡಿಯಿಂದಲೇ ಶುರುವಾಗುತ್ತವೆ, ಏಕೆಂದರೆ ಮೂರು ವರ್ಷದ ಮಗು ಕುಳಿತಾಗಲೂ ಹೊರಗಿನ ಬೇವಿನ ಮರ ಕಾಣಬೇಕು. ಶೌಚಾಲಯಕ್ಕೆ ಅರ್ಧ ಬಾಗಿಲು, ಒಳಗೆ ಚಿಲಕವಿಲ್ಲ. ಪಾಯ ಒಂದೂವರೆ ಅಡಿ ಎತ್ತರವಾದ್ದರಿಂದ 1:12ರ ಲೆಕ್ಕದಲ್ಲಿ, ಅಂದರೆ ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದದಂತೆ, ಇಳಿಜಾರು ದಾರಿಗೆ 18 ಅಡಿ ಉದ್ದ ಬೇಕಾಯಿತು. ಸೊಟ್ಟ ಮೂಲೆ ಅದಕ್ಕೆ ಒದಗಿತು.

ಗೋಡೆಗೆ ಸ್ಥಿರೀಕರಿಸಿದ, ಅಂದರೆ ಸುಡದೆ ಸಿಮೆಂಟು ಬೆರೆಸಿ ಗಟ್ಟಿಗೊಳಿಸಿದ, ಮಣ್ಣಿನ ಇಟ್ಟಿಗೆ ಬಳಸಿದೆವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಈ ವಿಧಾನವನ್ನು ನಮ್ಮ ಮಣ್ಣಿಗೆ ಹೊಂದಿಸಿಕೊಟ್ಟು ದಶಕಗಳಾದವು. ಪಾಯ ತೋಡಿದಾಗ ಬಂದ ಕೆಮ್ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಇಟ್ಟು, ಮರಳು ಎಷ್ಟು, ಜೇಡಿ ಎಷ್ಟು ಎಂದು ತಳಕ್ಕೆ ಕೂತ ಪದರಗಳಲ್ಲಿ ನೋಡಿ, ಮರಳು ಬೆರೆಸಿ, ನೂರಕ್ಕೆ ಏಳರಷ್ಟು ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿದೆವು. ಗೂಡಿನ ಸೌದೆ ಬೇಡ, ಸಾಗಾಣಿಕೆ ಬೇಡ. ಆ ಹಣ ಊರಿನವರ ಕೂಲಿಯಾಗಿ ಊರಲ್ಲೇ ಉಳಿಯಿತು. ಇಟ್ಟಿಗೆಗೆ ಗೋಣಿಚೀಲ ಹೊದಿಸಿ ಮೂರು ವಾರ ನೀರುಣಿಸುವ ಕೆಲಸವನ್ನು ಸ್ತ್ರೀಶಕ್ತಿ ಸಂಘದ ಹೆಂಗಸರು ವಹಿಸಿಕೊಂಡರು. ಆ ಮೂರು ವಾರಗಳಲ್ಲೇ ಅವರು ಜಗುಲಿಯ ಉದ್ದ ಸಾಲದೆಂದು ಹೇಳಿ ಎರಡು ಅಡಿ ಹೆಚ್ಚಿಸಿಕೊಂಡರು.

ಈಗ ಮಧ್ಯಾಹ್ನ ಡಬ್ಬಿಗಳು ಬರುವುದು ಅಪರೂಪ. ಊಟ ಮುಗಿದ ಮೇಲೂ ಹೆಂಗಸರು ಬಿಸಿಲು ಇಳಿಯುವವರೆಗೆ ಕೂತಿರುತ್ತಾರೆ, ವಾರಕ್ಕೊಮ್ಮೆ ಸಂಘದ ಸಭೆ ಅಲ್ಲೇ ನಡೆಯುತ್ತದೆ. ಎರಡೂ ಕೇರಿಯವರು ಒಂದೇ ಜಗುಲಿಯ ಮೇಲೆ ಕೂರುತ್ತಾರೆ ಎಂದು ಸಂತೋಷದಿಂದ ಬರೆಯಬಲ್ಲೆ. ನಡುವೆ ಒಂದು ಆಳಿನಷ್ಟು ಜಾಗ ಬಿಟ್ಟು ಕೂರುವುದನ್ನೂ ಕಂಡಿದ್ದೇನೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೋದ ಬಾರಿ ಹೋದಾಗ ಬಾಣಂತಿಯೊಬ್ಬಳು ಹಳೆಯ ಸೀರೆಯನ್ನು ಕಿಟಕಿಯ ಸರಳಿಗೂ ಕಂಬಕ್ಕೂ ಕಟ್ಟಿ ಮಗುವನ್ನು ತೂಗುತ್ತಿದ್ದಳು. ಬಸುರಿಯರನ್ನು ನೆನೆದು ಇಷ್ಟೆಲ್ಲ ಮಾಡಿದವಳಿಗೆ ತೊಟ್ಟಿಲು ಹೊಳೆದಿರಲಿಲ್ಲ. ಮರುವಾರವೇ ಮೇಸ್ತ್ರಿಯನ್ನು ಕಳಿಸಿ ತಾರಸಿಗೆ ರಂಧ್ರ ಕೊರೆದು ಎರಡು ಕೊಕ್ಕೆ ಹಾಕಿಸಿದೆ.

ಈಗ ಕೈಯಲ್ಲಿರುವ ಇನ್ನೊಂದು ಅಂಗನವಾಡಿ ಎರೆಮಣ್ಣಿನ ಸೀಮೆಯದು. ಅಲ್ಲಿಯ ಮಣ್ಣು ನಮ್ಮ ಈ ಇಟ್ಟಿಗೆಗೆ ಒಗ್ಗುವುದಿಲ್ಲ, ಗೋಡೆಗೆ ಸೈಜುಗಲ್ಲನ್ನೇ ಯೋಚಿಸಿದ್ದೇವೆ. ಆ ನಕ್ಷೆಯಲ್ಲಿ ಜಗುಲಿಯ ತೊಲೆಗೆ ನಾಲ್ಕು ಕೊಕ್ಕೆಗಳನ್ನು ಕಾಂಕ್ರೀಟು ಸುರಿಯುವ ಮೊದಲೇ ಕೂರಿಸುವಂತೆ ಗುರುತು ಹಾಕಿ ಕಳಿಸಿದ್ದೇನೆ.