ಮೆಮೊ ಯಾವತ್ತು ಬಂತು?

ತಿಪಟೂರಿನಲ್ಲಿ ನನ್ನದು ಎರಡು ಕೋಣೆಯ ವಕೀಲಿ ಆಫೀಸು. ನಾನು, ಒಬ್ಬ ಜೂನಿಯರ್, ಒಬ್ಬ ಗುಮಾಸ್ತ. ಸೈಟು ಕೊಳ್ಳುವ ಮುಂಚೆ ಕಾಗದ ತೋರಿಸಲು ಬರುವವರಿದ್ದಾರೆ, ಪಾಲು ಕೇಳಲು ಬರುವ ಹೆಣ್ಣುಮಕ್ಕಳಿದ್ದಾರೆ. ಆದರೆ ಆಫೀಸಿನ ಬಾಡಿಗೆ ಹುಟ್ಟುವುದು ಬೌನ್ಸ್ ಆದ ಚೆಕ್ಕುಗಳಿಂದ.

ಇಲ್ಲಿನ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ. ಲೋಡ್ ಹೋದ ಮೇಲೆ ಚೆಕ್ ಬರುತ್ತದೆ, ಕೆಲವು ಸಲ ಅದು ಬ್ಯಾಂಕಿನಿಂದ ವಾಪಸ್ಸೂ ಬರುತ್ತದೆ, ಯಾಕೆ ವಾಪಸ್ ಅಂತ ಬರೆದ ಮೆಮೊ ಚೀಟಿಯ ಜೊತೆ. ವ್ಯಾಪಾರಿ ಬಂದು ಕೂತವರೇ ಖರೀದಿದಾರನನ್ನು ಬೈಯಲು ಶುರು ಮಾಡುತ್ತಾರೆ. ಕಾಫಿ ಬರುವ ತನಕ ಬೈಯಲಿ ಅಂತ ಸುಮ್ಮನಿರುತ್ತೇನೆ. ಆಮೇಲೆ ಒಂದೇ ಪ್ರಶ್ನೆ: "ಬ್ಯಾಂಕಿನ ಮೆಮೊ ಯಾವತ್ತು ಬಂತು?"

ಚೆಕ್ ಬೌನ್ಸ್ ಕೇಸಿನ ಕಾನೂನಾದ ಸೆಕ್ಷನ್ 138ರಲ್ಲಿ ಕ್ಯಾಲೆಂಡರೇ ಯಜಮಾನ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ, ದುಡ್ಡು ಕೊಡಿ ಅಂತ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಬೇಕು. ಅದು ಕೈ ಸೇರಿದ ಮೇಲೆ ಆ ಕಡೆಯವರಿಗೆ 15 ದಿನ ಟೈಮು. ಆಗಲೂ ದುಡ್ಡು ಬರದಿದ್ದರೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ದೂರು ತಡವಾದರೆ ತಕ್ಕ ಕಾರಣ ಕೊಟ್ಟು ಕೋರ್ಟನ್ನು ಕೇಳಿಕೊಳ್ಳಬಹುದು. ನೋಟಿಸ್ ತಡವಾದರೆ ಆ ಅವಕಾಶ ಇಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಇನ್ನೂ ಮುಗಿದಿಲ್ಲವಾದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿಸಿ ಹೊಸ ಮೆಮೊ ಪಡೆಯುತ್ತೇನೆ, ಅಷ್ಟೇ.

ಈ ಲೆಕ್ಕದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. 3ನೇ ತಾರೀಕು ನೋಟಿಸ್ ಕಳಿಸಿ, ಅಲ್ಲಿಂದಲೇ 15 ದಿನ ಎಣಿಸಿ, 20ಕ್ಕೆ ದೂರು ಹಾಕಿಬಿಟ್ಟೆ. ಆ ಕಡೆಯವರ ಕೈಗೆ ನೋಟಿಸ್ ಸಿಕ್ಕಿದ್ದು 8ಕ್ಕೆ! ಅವಧಿಗೆ ಮುಂಚೆ ಹಾಕಿದ ದೂರು ನಿಲ್ಲಲಿಲ್ಲ. ಮತ್ತೆ ಹೊಸದಾಗಿ ಹಾಕಿದೆ, ಫೀಸು ತಗೊಳ್ಳಲಿಲ್ಲ. ಅವತ್ತಿನಿಂದ ಪೋಸ್ಟ್ ಆಫೀಸಿನ ಟ್ರ್ಯಾಕಿಂಗ್ ಪ್ರಿಂಟ್ ಫೈಲಿಗೆ ಬರದೆ ನಾನು ಸಹಿ ಹಾಕುವುದಿಲ್ಲ. ಗುಮಾಸ್ತರಿಗೆ ಇದು ಅತಿ ಅನಿಸುತ್ತದೆ, ಅನಿಸಲಿ.

ವ್ಯಾಪಾರಿಗಳ ಜೊತೆ ಜಾಸ್ತಿ ಜಗ್ಗಾಟ ಆಗುವುದು ಮೊತ್ತದ ವಿಷಯಕ್ಕೆ. "ಹೋದ ವರ್ಷದ ಬಾಕಿ, ಬಡ್ಡಿ, ಲಾರಿ ಬಾಡಿಗೆ, ಎಲ್ಲಾ ಸೇರಿಸಿ ಸರ್" ಅನ್ನುತ್ತಾರೆ. ನಾನು ಕೇಳುವುದಿಲ್ಲ. ನೋಟಿಸಿನಲ್ಲಿ ಚೆಕ್ಕಿನ ಮೊತ್ತ ರೂಪಾಯಿ ಬಿಡದೆ ಹಾಗೇ ಇರಬೇಕು. ಟೈಪಿಂಗ್ ತಪ್ಪು ಅಂದರೂ ನಡೆಯದು ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಅಂಕಿಯನ್ನು ಜೂನಿಯರ್ ಜೋರಾಗಿ ಓದುತ್ತಾರೆ, ನಾನು ಚೆಕ್ ಹಿಡಿದು ನೋಡುತ್ತೇನೆ. ಹಳೇ ಬಾಕಿಗೆ ಸಿವಿಲ್ ದಾವೆ ಬೇರೆಯೇ ಇದೆ.

"ಕೇಸಿಗೆ ದೆಹಲಿಗೆ ಅಲೆಯಬೇಕಾ?" ಅನ್ನುವುದು ಇನ್ನೊಂದು ಭಯ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಲ್ಪ ಕಾಲ ಹಾಗೇ ಆಗಿತ್ತು, ಚೆಕ್ ಕೊಟ್ಟವರ ಬ್ಯಾಂಕ್ ಇರುವ ಊರಿಗೇ ಹೋಗಬೇಕಿತ್ತು. 2015ರ ತಿದ್ದುಪಡಿ ಅದನ್ನು ತಿರುಗಿಸಿತು. ನಮ್ಮ ವ್ಯಾಪಾರಿ ಖಾತೆ ಇಟ್ಟಿರುವ ಶಾಖೆ ತಿಪಟೂರಿನದಾದರೆ ತಿಪಟೂರಿನಲ್ಲೇ ಕೇಸು.

ಇಷ್ಟೆಲ್ಲಾ ಮಾಡಿದರೂ ನನ್ನ ಬಹಳಷ್ಟು ಕೇಸು ಮುಗಿಯುವುದು ರಾಜಿಯಲ್ಲಿ. ಮೊನ್ನೆಯೂ ಒಂದು ಹಾಗೇ ಮುಗಿಯಿತು, ಮೂರು ಕಂತು. ಮರುವಾರವೇ ನಮ್ಮವರು ಅದೇ ಖರೀದಿದಾರರಿಗೆ ಇನ್ನೊಂದು ಲೋಡ್ ಕಳಿಸಿದ್ದು ಗೊತ್ತಾಗಿ ಕೇಳಿದೆ. "ಈ ಸಲ ಚೆಕ್ ಬೇಡ ಅಂದೆ ಸರ್. ಮೊದಲೇ ಆರ್‌ಟಿಜಿಎಸ್ ಮಾಡಿದ್ರು" ಅಂತ ನಕ್ಕರು.