ಗುಲಾಬಿ ಕಾಗದ, ಎಂಟು ಪುಟ: ಬ್ಯಾಂಡಿಗೆ ಜನ ಸೇರಿಸಿದ ನನ್ನ ಅನುಭವ

ಕಾಗದದ ಪತ್ರಿಕೆ ಮಾಡಿ ಬ್ಯಾಂಡಿಗೆ ಜನ ಸೇರಿಸುತ್ತೇನೆ ಅಂದಾಗ ಮೊದಲು ನಕ್ಕವನು ನಮ್ಮ ಡ್ರಮ್ಮರ್. ಈಗ ಅವನೇ ಮುಂದಿನ ಸಂಚಿಕೆ ಯಾವಾಗ ಅಂತ ಕೇಳುತ್ತಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ಹೊಟ್ಟೆಪಾಡಿಗೆ ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಫ್ಲೆಕ್ಸ್ ಡಿಸೈನ್. ಸಂಜೆ ಬ್ಯಾಂಡಿನಲ್ಲಿ ಬೇಸ್ ಗಿಟಾರ್. ನಾವು ನಾಲ್ವರು. ಕನ್ನಡ, ತುಳು, ಸ್ವಲ್ಪ ಮಲಯಾಳ, ಎಲ್ಲ ಕಲಸಿ ಹಾಡುತ್ತೇವೆ.

ಮೊದಲ ಶೋಗೆ ನಾನು ಮಾಡಿದ ಪೋಸ್ಟರ್ ನೆನೆದರೆ ಈಗಲೂ ನಾಚಿಕೆ. ಪೂರ್ತಿ ಕಪ್ಪು ಹಿನ್ನೆಲೆ, ಮುಳ್ಳುಮುಳ್ಳು ಅಕ್ಷರ, ಮಧ್ಯೆ ಬೆಂಕಿ. ಪರದೆಯಲ್ಲಿ ಹೊಳೆಯುತ್ತಿತ್ತು. ಪರದೆಗೆ ಮಾತ್ರ ಒಗ್ಗುವ ಆರ್‌ಜಿಬಿ ಬಣ್ಣಗಳಲ್ಲೇ ಪ್ರೆಸ್ಸಿಗೆ ಕಳಿಸಿಬಿಟ್ಟಿದ್ದೆ, ಬಂದದ್ದು ಕೆಸರು ಬಣ್ಣ. ಅದಕ್ಕಿಂತ ಕೆಟ್ಟದ್ದು, ಪ್ರೆಸ್‌ನವರು ಫೈಲ್ ತೆರೆದಾಗ ಒತ್ತಕ್ಷರಗಳೆಲ್ಲ ಕಳಚಿ ‘ರಾತ್ರಿ’ ಹೋಗಿ ‘ರಾತ್‌ರಿ’ ಆಗಿತ್ತು. ಡಿಸೈನ್ ಮಾಡುವ ಇಲಸ್ಟ್ರೇಟರ್ ತಂತ್ರಾಂಶದಲ್ಲಿ ಒತ್ತಕ್ಷರ ಜೋಡಿಸುವ ‘ವರ್ಲ್ಡ್ ರೆಡಿ ಕಂಪೋಸರ್’ ಆನ್ ಮಾಡದಿದ್ದರೆ ಯೂನಿಕೋಡ್ ಕನ್ನಡದ ಗತಿ ಇದೇ. ನನಗೆ ಗೊತ್ತಿತ್ತು, ಆದರೆ ಆವತ್ತು ಮರೆತೆ. ಈಗ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡದೆ, ಅಂದರೆ ಚಿತ್ರವಾಗಿ ಬದಲಿಸದೆ, ಯಾವ ಫೈಲೂ ನನ್ನ ಮೇಜು ಬಿಡುವುದಿಲ್ಲ. ಪೋಸ್ಟರ್, ಎರಡು ಫ್ಲೆಕ್ಸ್ ಸೇರಿ ಹನ್ನೊಂದು ಸಾವಿರದ ಹತ್ತಿರ ಹೋಯಿತು. ಬಂದವರು ಮೂವತ್ತೆಂಟು. ಅದರಲ್ಲಿ ಹತ್ತು-ಹನ್ನೆರಡು ಮಂದಿ ನಮ್ಮ ನೆಂಟರೇ.

ಎರಡನೇ ಸಲ ಜಾಣನಾಗಲು ಹೋಗಿ ದೂರದ ಪೇಟೆಯ ಒಂದು ಪತ್ರಿಕೆಗೆ ಅರ್ಧ ಪುಟ ಜಾಹೀರಾತು ಕೊಟ್ಟೆ. ಎಂಟು ಸಾವಿರ. ಬಂದದ್ದು ಒಂದೇ ಒಂದು ಫೋನ್. ಅವರೂ ಇನ್ನೊಂದು ಪತ್ರಿಕೆಯ ಜಾಹೀರಾತು ವಿಭಾಗದವರು! ಅಲ್ಲಿಗೆ ಗಿಟಾರಿಸ್ಟ್ ನನ್ನೊಡನೆ ಎರಡು ವಾರ ಮಾತು ಬಿಟ್ಟ. ಅದು ಅವನ ಅಡಿಕೆ ಮಾರಿದ ದುಡ್ಡು.

ದಾರಿ ಸಿಕ್ಕಿದ್ದು ಅಜ್ಜನ ಪೆಟ್ಟಿಗೆಯಲ್ಲಿ. ಹಳೆಯ ಯಕ್ಷಗಾನದ ಕರಪತ್ರಗಳನ್ನು ಅಜ್ಜ ಮಡಚಿ ಇಟ್ಟಿದ್ದರು. ತೆಳು ಗುಲಾಬಿ, ಹಳದಿ ಕಾಗದ, ಒಂದೇ ಬಣ್ಣದ ಮಸಿ. ಮೇಲೆ ದೇವರ ಹೆಸರು, ಕೆಳಗೆ ಪ್ರಸಂಗ, ಆಮೇಲೆ ಹಿಮ್ಮೇಳ (ಹಾಡು, ವಾದ್ಯದವರು), ಮುಮ್ಮೇಳ (ವೇಷಧಾರಿಗಳು), ಯಾರು ಯಾವ ವೇಷ ಅಂತ ಪೂರ್ತಿ ಪಟ್ಟಿ. ಅದನ್ನು ಯಾರೂ ಬಿಸಾಡುತ್ತಿರಲಿಲ್ಲ, ಯಾಕೆಂದರೆ ಅದರಲ್ಲಿ ಓದಲಿಕ್ಕೆ ಉಂಟು. ನನ್ನ ಕಪ್ಪು ಪೋಸ್ಟರಿನಲ್ಲಿ ಓದಲಿಕ್ಕೆ ಎಂತ ಇತ್ತು? ನಮ್ಮ ಹೆಸರು ಬಿಟ್ಟರೆ ಬೆಂಕಿ.

ಸಂಗೀತ ಪತ್ರಿಕೆಗಳ ಕತೆಯೂ ಹೀಗೆಯೇ ಅಲ್ವಾ? 1976ರಲ್ಲಿ ಲಂಡನ್‌ನ ಪಂಕ್ ರಾಕ್ ಸಂಗೀತದ ಪತ್ರಿಕೆ ‘ಸ್ನಿಫಿನ್ ಗ್ಲೂ’ ಝೆರಾಕ್ಸ್ ಹಾಳೆಗಳ ಮೇಲೆ, ಸ್ಕೆಚ್ ಪೆನ್ನಲ್ಲಿ ಬರೆದ ತಲೆಬರಹದೊಂದಿಗೆ ಬಂತು. ಪಂಕ್ ಅಂದರೆ ಕಣ್ಣಿಗೆ ಹೇಗಿರುತ್ತದೆ ಅಂತ ಜನಕ್ಕೆ ತೋರಿಸಿದ್ದರಲ್ಲಿ ಅಂಥ ಹಾಳೆಗಳ ಪಾಲು ದೊಡ್ಡದು. ಅಮೆರಿಕದ ‘ರೋಲಿಂಗ್ ಸ್ಟೋನ್’ 1967ರಲ್ಲಿ ಶುರುವಾದಾಗ ನುಣುಪು ಕಾಗದವಲ್ಲ, ಮಡಚಿದ ನ್ಯೂಸ್‌ಪ್ರಿಂಟ್. ನಮ್ಮಲ್ಲೇ ‘ರಾಕ್ ಸ್ಟ್ರೀಟ್ ಜರ್ನಲ್’ 1993ರಲ್ಲಿ ಹೊರಟದ್ದು ಅಲಹಾಬಾದಿನಿಂದ, ಮುಂಬೈಯಿಂದಲ್ಲ. ಅಲಹಾಬಾದಿಗೆ ಆಗುವುದು ಬದಿಯಡ್ಕಕ್ಕೆ ಯಾಕಾಗದು ಅಂದುಕೊಂಡೆ.

ಎ3 ಹಾಳೆ (ಮಾಮೂಲಿ ಝೆರಾಕ್ಸ್ ಹಾಳೆಯ ಎರಡರಷ್ಟು) ಒಂದನ್ನು ಎಂಟು ಭಾಗ ಮಡಚಿ, ನಡುವೆ ಒಂದು ಸೀಳು ಹಾಕಿದರೆ ಎ6 ಗಾತ್ರದ ಎಂಟು ಪುಟದ ಪುಸ್ತಿಕೆ. ಪಿನ್ ಬೇಡ, ಅಂಟು ಬೇಡ. ಬಿಡಿಸಿದರೆ ಹಿಂಬದಿ ಪೂರ್ತಿ ಎ3 ಪೋಸ್ಟರ್. ಮಾಡಿದವರಿಗೆ ಇದರ ತಲೆನೋವು ಗೊತ್ತು: ಸೀಳು ಪೋಸ್ಟರಿನ ಹೊಟ್ಟೆಯಲ್ಲೇ ಬರುತ್ತದೆ, ಸುಮಾರು 21 ಸೆಂಟಿಮೀಟರ್ ಉದ್ದ. ಮೂರು ಡಿಸೈನ್ ಹರಿದು ಎಸೆದೆ. ಆಮೇಲೆ ಒಂದು ರಾತ್ರಿ ಹೊಳೆಯಿತು, ಸೀಳನ್ನು ಅಡಗಿಸುವುದು ಯಾಕೆ, ಅದೇ ಬಾಯಿ ಆಗಲಿ! ಅಡ್ಡ ಹಾಳೆಯ ತುಂಬ ಬಣ್ಣದ ವೇಷದ, ಅಂದರೆ ಯಕ್ಷಗಾನದ ರಾಕ್ಷಸನ, ಮುಖ ಬರೆದೆ, ಬಾಯಿ ಇದ್ದಲ್ಲಿ ಸೀಳು. ಗೋಡೆಗೆ ಹಚ್ಚಿದರೆ ಗಾಳಿಗೆ ಬಾಯಿ ತುಸು ತೆರೆಯುತ್ತದೆ. ಶಾಲೆ ಮಕ್ಕಳು ಬೆರಳು ತೂರಿಸಿ ನೋಡುತ್ತಿದ್ದರು. ಆ ಮುಖವೇ ನಮ್ಮ ಗುರುತಾಯಿತು. ಡ್ರಮ್ಮಿನ ಮೇಲೆ, ಟೀ ಶರ್ಟಿನ ಮೇಲೆ, ಮೊಬೈಲ್‌ನ ಚೌಕದೊಳಗೆ, ಎಲ್ಲ ಕಡೆ ಅದೇ. ಸ್ವಲ್ಪ ಜಂಬ ಅಂದುಕೊಳ್ಳಿ, ಆದರೆ ಇದಕ್ಕಿಂತ ಒಳ್ಳೆಯ ಗುರುತು ಈ ತಾಲೂಕಿನಲ್ಲಿ ನಾನು ಕಂಡಿಲ್ಲ.

ಒಳಗಿನ ಪುಟಗಳು ಜಾಹೀರಾತು ಆಗಬಾರದು ಅಂತ ಹಟ ಹಿಡಿದೆ. ಎರಡನೇ ಪುಟದಲ್ಲಿ ಕರಪತ್ರದ ಧಾಟಿಯಲ್ಲೇ ಪಟ್ಟಿ, ಹಿಮ್ಮೇಳದಲ್ಲಿ ಡ್ರಮ್ಸ್, ಬೇಸ್, ಮುಮ್ಮೇಳದಲ್ಲಿ ಹಾಡುಗಾರ. ಇದನ್ನು ನೋಡಿ ನಕ್ಕವರೆಲ್ಲ ಪುಟ ತಿರುಗಿಸಿದರು, ನನಗೆ ಅಷ್ಟೇ ಬೇಕಿತ್ತು. ಆಮೇಲೆ ಡ್ರಮ್ಮರ್ ಮತ್ತು ಚೆಂಡೆ ಬಾರಿಸುವ ಅವನ ಅಪ್ಪನ ಮಾತುಕತೆ. ಎರಡು ಹಾಡಿನ ಸಾಹಿತ್ಯ, ಗಿಟಾರಿನ ಕಾರ್ಡ್ (ಸ್ವರಗುಚ್ಛ) ಸಮೇತ. ಒಂದು ಪುಟದಲ್ಲಿ ಬೇರೆಯವರ ಬ್ಯಾಂಡಿನ ವಿಮರ್ಶೆ, ಹೊಗಳಿಕೆ, ತೆಗಳಿಕೆ ಎರಡೂ. ಇದಕ್ಕೆ ನಮ್ಮವರೇ ಜಗಳ ಮಾಡಿದರು. ನಮ್ಮ ದುಡ್ಡಲ್ಲಿ ಅವರ ಹೆಸರು ಯಾಕೆ ಅಂತ. ಆದರೆ ಆ ಪುಟದಿಂದಲೇ ಅದು ಪತ್ರಿಕೆ ಆದದ್ದು, ಮತ್ತೆ ಆ ಬ್ಯಾಂಡಿನವರೇ ಐವತ್ತು ಪ್ರತಿ ಒಯ್ದು ಅವರ ಊರಲ್ಲಿ ಹಂಚಿದರು. ಕೊನೆಯ ಪುಟದಲ್ಲಿ ಶೋ ಮುಗಿದ ಮೇಲೆ ಕಾಸರಗೋಡು, ಪೆರ್ಲ, ಮುಳ್ಳೇರಿಯ ಕಡೆ ಹೋಗುವ ಬಸ್ಸಿನ ಸಮಯ. ಸಂಗೀತ ಬೇಡದವರೂ ಇದಕ್ಕಾಗಿ ಕಿಸೆಯಲ್ಲಿಟ್ಟುಕೊಂಡರು, ಮಾರಾಯ್ರೆ.

ಮೊದಲ ಪ್ರಯೋಗದಲ್ಲೂ ಎಡವಟ್ಟು ತಪ್ಪಲಿಲ್ಲ. ಕರಪತ್ರದ ಥರವೇ ತೆಳು ಕಾಗದ ತಂದೆ, ಹಿಂಬದಿಯ ಮುಖದ ಕಪ್ಪು ಈಚೆ ಇಣುಕಿ ಹಾಡಿನ ಸಾಲು ಓದಲಾಗಲಿಲ್ಲ. 80 ಜಿಎಸ್‌ಎಂ ತೂಕದ, ತುಸು ದಪ್ಪನೆಯ ಬಣ್ಣದ ಕಾಗದಕ್ಕೆ ಬದಲಾಯಿಸಿದ ಮೇಲೆ ಸರಿಯಾಯಿತು. ಮೇಲಿನ ಸಾಲಿನ ಪುಟಗಳನ್ನು ತಲೆಕೆಳಗೆ ಕೂರಿಸಬೇಕಲ್ಲ, ಅದರಲ್ಲಿ ಒಂದನ್ನು ಮರೆತು ನೂರು ಹಾಳೆ ಹಾಳು. ಮುದ್ರಣದ ಎರಡು ಪ್ಲೇಟ್, ಕಾಗದ, ಒಂದೇ ಬಣ್ಣದ ಆಫ್‌ಸೆಟ್, ಸಾವಿರ ಪ್ರತಿಗೆ ಮೂರು ಸಾವಿರದ ಆಸುಪಾಸು. ಮಡಚಿದ್ದು ನಾವೇ, ಎರಡು ರಾತ್ರಿ, ಸ್ಟೀಲ್ ಚಮಚದ ಹಿಂಬದಿಯಿಂದ ಗೀಚಿ. ಅಮ್ಮ ನಮ್ಮೆಲ್ಲರಿಗಿಂತ ಬೇಗ ಮಡಚಿದರು. ಗೋಡೆಗೆ ಮೈದಾ ಅಂಟು, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತು (ಅಡಿಕೆಗೆ ಹೊಡೆಯುವ ತಾಮ್ರದ ಉಪ್ಪು). ಅಡಿಕೆ ತೋಟದ ಮನೆಗಳಲ್ಲಿ ಅದಕ್ಕೆ ಬರವಿಲ್ಲ. ದನಕ್ಕೆ ಎಟಕದಷ್ಟು ಮೇಲೆ ಹಚ್ಚಿ.

ನಡುವೆ ಒಂದು ಹುಚ್ಚು. ಅಡಿಕೆ ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆಯ ಮೇಲೆ ಆ ಮುಖವನ್ನು ಸ್ಕ್ರೀನ್ ಪ್ರಿಂಟ್ ಮಾಡಿ ಮಾರೋಣ ಅಂತ ಹೊರಟೆ. ಮೊದಲ ಇಪ್ಪತ್ತರಲ್ಲಿ ಮಸಿ ಒಣಗಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಹಾಳೆಯನ್ನು ಮೊದಲು ಯಾವುದರಿಂದ ಒರೆಸಬೇಕು ಅಂತ ಕೊನೆಗೂ ಕಂಡುಹಿಡಿದೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಕ್ಯೂಆರ್ ಕೋಡ್ ಹಾಕಿದ್ದೂ ದಂಡ. ಹಾಳೆಯ ಗೆರೆಗಳಿಂದ ಯಾವ ಫೋನೂ ಅದನ್ನು ಓದಲಿಲ್ಲ. ಮುಖ ಮಾತ್ರ ಇದ್ದವು ನೂರೈವತ್ತು ರೂಪಾಯಿಯಂತೆ ಅರುವತ್ತು ಹೋದವು.

ಹಂಚಿದ್ದು ಕ್ಷೌರದಂಗಡಿ, ಹಾಲಿನ ಸೊಸೈಟಿ, ಗೂಡಂಗಡಿಗಳಲ್ಲಿ, ಎಲ್ಲಿ ಜನ ಸುಮ್ನೆ ಕಾಯುತ್ತಾ ಕೂರುತ್ತಾರೋ ಅಲ್ಲಿ. ಯಾವ ಅಂಗಡಿಗಳು ಅಂತ ಕೇಳಬೇಡಿ, ಆ ಪಟ್ಟಿ ಮಾಡಲಿಕ್ಕೆ ನನಗೆ ಒಂದು ಮಳೆಗಾಲ ಹಿಡಿದಿದೆ. ಕುಂಬಳೆ, ಉಪ್ಪಳಕ್ಕೆ ಅರ್ಧ ಪುಟ ಮಲಯಾಳ ಸೇರಿಸಿದ ಬೇರೆ ಪ್ರತಿ ಮಾಡಿದೆ, ಅದಕ್ಕೆ ಒಂದು ಪ್ಲೇಟಿನ ಖರ್ಚು ಮಾತ್ರ ಜಾಸ್ತಿ.

ಮೊದಲ ಸಂಚಿಕೆಯ ಶೋಗೆ ನೂರ ಎಪ್ಪತ್ತರಷ್ಟು ಜನ ಬಂದರು, ಟಿಕೆಟ್ ನೂರು ರೂಪಾಯಿ. ಹಾಲ್ ಬಾಡಿಗೆ, ಸೌಂಡ್ ಸೇರಿ ಹದಿನೆಂಟು ಸಾವಿರ ಆದ್ದರಿಂದ ಆವತ್ತು ಕೈಯಿಂದ ಸ್ವಲ್ಪ ಹೋಯಿತು, ಮುಟ್ಟಾಳೆಯ ದುಡ್ಡು ಅದನ್ನು ಮುಚ್ಚಿತು. ಎರಡನೇ ಸಂಚಿಕೆಯ ಹೊತ್ತಿಗೆ ಇನ್ನೂರ ನಲವತ್ತು ದಾಟಿತು, ಹಾಲ್, ಸೌಂಡಿನ ಖರ್ಚು ಕಳೆದು ಆರೇಳು ಸಾವಿರ ಉಳಿಯಿತು. ಗಿಟಾರಿಸ್ಟಿನ ಅಡಿಕೆ ದುಡ್ಡಲ್ಲಿ ಅರ್ಧ ವಾಪಸ್ ಕೊಟ್ಟೆ. ಉಳಿದರ್ಧಕ್ಕೆ ಮೂರನೇ ಸಂಚಿಕೆಯ ಮುಖಪುಟದಲ್ಲಿ ತನ್ನ ಫೋಟೋ ಬರಬೇಕಂತೆ. ಮುಖಪುಟದಲ್ಲಿ ಬಣ್ಣದ ವೇಷವೇ ಇರುತ್ತದೆ ಅಂತ ಹೇಳಿದ್ದೇನೆ, ಮತ್ತೆ ಮಾತು ಬಿಟ್ಟಿದ್ದಾನೆ.